ವಿನಯಾ ಕದ್ದಿರಲಿಲ್ಲ

ಬೆಳಿಗ್ಗೆ ಟ್ಯಾಂಕಿಗೆ ನೀರು ಬಿಟ್ಟೆ. ಉದ್ದು ನೆನೆಹಾಕಿದೆ. ಇವರ ನೀಲಿ ಅಂಗಿಗೆ ಗುಂಡಿ ಹೊಲಿದೆ. ಗ್ಯಾಸಿನವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಚಪ್ಪರದ ತೊಂಡೆಕಾಯಿ ಕೊಯ್ದು ಅರ್ಧ ಪಕ್ಕದ ಮನೆಗೆ ಕೊಟ್ಟೆ. ಮಧ್ಯಾಹ್ನದವರೆಗೆ ಅಂಗಡಿಯ ಕೆಲಸ, ಆಮೇಲೆ ಒಣಗಿದ ಬಟ್ಟೆ ಮಡಚುವುದು. ಸಂಜೆ ದೀಪ ಹಚ್ಚುವ ಮೊದಲು ವಿನಯಾಳ ಮನೆಗೆ ಹೋಗಿ, "ಅಂದು ನಾನು ನಿನಗೆ ಹೇಳಿದ್ದು ಸುಳ್ಳು. ನೀನು ಏನನ್ನೂ ಕದ್ದಿರಲಿಲ್ಲ" ಎಂದು ಹೇಳಿ ಬಂದೆ.

ಕೊನೆಯದನ್ನೂ ಮನೆಗೆಲಸದ ಸಾಲಿನಲ್ಲೇ ಸೇರಿಸಿದ್ದು ಯಾಕೆಂದು ನನಗೇ ಗೊತ್ತಿಲ್ಲ. ಹೀಗೆ ಬರೆದರೆ ಅದೂ ಮುಗಿದ ಕೆಲಸದ ಹಾಗೆ ಕಾಣಲಿ ಎಂಬ ಆಸೆ ಇರಬಹುದು. ಮುಗಿದಿಲ್ಲ. ಹೇಗೆ ಮುಗಿಯುತ್ತದೆ ಎಂದೂ ಗೊತ್ತಾಗುತ್ತಿಲ್ಲ—ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ಅವಳ ಹೆಸರನ್ನು ಬದಲಿಸಿದ್ದೇನೆ. ನನ್ನದನ್ನು ಬದಲಿಸಿಲ್ಲ. ನಾನು ಸುಮಿತ್ರಾ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾನು ಫಳ್ನೀರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಡಿಸೈನ್ ಕಲಿಸುತ್ತಿದ್ದೆ. ಮದುವೆ ಕಾಗದ, ಮನೆ ಒಕ್ಕಲಿನ ಕಾಗದ, ಅಂಗಡಿಯ ಬೋರ್ಡು, ಇಂಥವನ್ನು ಕಂಪ್ಯೂಟರಿನಲ್ಲಿ ಮಾಡುವುದು ಹೇಗೆಂದು. ಆಮಂತ್ರಣ ಪತ್ರಿಕೆಗೆ ನಮ್ಮಲ್ಲಿ ಕಾಗದ ಎಂದೇ ಹೇಳುವುದು. ಪಾಠವೆಲ್ಲ ಒಂದೇ ಕಂಪನಿಯ ಸಾಫ್ಟ್‌ವೇರಿನ ಮೇಲೆ. ಅದರ ಹೊಸ ಆವೃತ್ತಿ ಮನೆಯಲ್ಲಿ ಕೂತು ಕಲಿಯುವವರ ಕೈಗೆ ಎಟುಕುವಂಥದ್ದಲ್ಲ. ಹೀಗಿರುವಾಗ ಒಂದು ದಿನ ಆ ಕಂಪನಿಯಿಂದ ಕೇಂದ್ರಕ್ಕೆ ಮೇಲ್ ಬಂತು. ಬಹಳ ಹಳೆಯ ಒಂದು ಆವೃತ್ತಿಯನ್ನು ಇನ್ನು ಮುಂದೆ ಯಾರು ಬೇಕಾದರೂ ನಮ್ಮ ವೆಬ್‌ಸೈಟಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು, ನಿಮ್ಮ ವಿದ್ಯಾರ್ಥಿಗಳಿಗೂ ತಿಳಿಸಿ ಎಂದು. ಕೇಂದ್ರ ನಡೆಸುತ್ತಿದ್ದ ರಮಾನಂದ ಸರ್ ಓದಿ ಕನ್ನಡಕ ತೆಗೆದಿಟ್ಟರು.

"ಈ ಕಂಪನಿಯವರಿಗೆ ಮಂಡೆ ಸರಿ ಇಲ್ಲ. ಮನೆಯಲ್ಲೇ ಫ್ರೀ ಸಿಗ್ತದೆ ಅಂತಾದರೆ ನಮ್ಮಲ್ಲಿಗೆ ಯಾರು ಬರ್ತಾರೆ? ನೀವು ಇದನ್ನು ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡಿ ಸುಮಿತ್ರಾ."

ಅವರು ಹೇಳಿದ್ದು ಸುಮ್ಮನಿರಲು. ಸುಳ್ಳು ಹೇಳಲು ಅಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಅವರ ಹೆಗಲ ಮೇಲೆ ಸ್ವಲ್ಪ ಭಾರ ಹಾಕಿ ಹಗುರಾಗುತ್ತಿದ್ದೆ.

ವಿನಯಾ ಶಕ್ತಿನಗರದಲ್ಲಿ ನಮ್ಮದೇ ಓಣಿಯವಳು. ಗಂಡ ದುಬೈಯಲ್ಲಿ, ಮಗಳು ಆಗ ಬಾಲವಾಡಿಗೆ ಹೋಗುವಷ್ಟು ಸಣ್ಣವಳು. ಮಗು ಮಲಗಿದ ಹೊತ್ತಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಮಧ್ಯಾಹ್ನದ ತರಗತಿಗೆ ಬರುತ್ತಿದ್ದಳು. ನಾನು ಒಂದು ಕಾಗದ ಮಾಡಿದರೆ ನಾಲ್ಕು ಮೂಲೆಗೂ ಹೂವು, ಅಂಚಿಗೆ ಬಳ್ಳಿ, ನಡುವೆ ಗಣಪತಿ, ಜಾಗ ಉಳಿದರೆ ಎರಡು ನವಿಲು. ಅವಳು ಹಾಗಲ್ಲ. ಆ ವರ್ಷ ಅವರ ಕುಟುಂಬದ ಮನೆಯಲ್ಲಿ ದೈವದ ನೇಮ, ಎಂದರೆ ಭೂತಕೋಲ, ಇತ್ತು. ಅದರ ಕಾಗದವನ್ನು ತಾನೇ ಮಾಡುತ್ತೇನೆ ಎಂದು ಹಟ ಹಿಡಿದು ಮಾಡಿದಳು. ಬಿಳಿಯ ಮೇಲೆ ಒಂದೇ ಒಂದು ಹಿಂಗಾರದ ಗೊನೆ, ದೈವಕ್ಕೆ ಇಡುವ ಅಡಿಕೆ ಹೂವು, ಕೆಂಪು ಗೆರೆಯಲ್ಲಿ. ಕೆಳಗೆ ಊರು, ದಿನ, ಮನೆಯವರ ಹೆಸರು. ಬೇರೆ ಏನೂ ಇಲ್ಲ. ಆ ಗೊನೆಯ ಒಂದೊಂದು ಎಳೆಯನ್ನೂ ಅವಳು ಮೌಸಿನಲ್ಲಿ ಎಳೆದು ಬಗ್ಗಿಸಿದ್ದಳು.

ಅಲ್ಲಿಯವರೆಗೆ ನಮ್ಮ ಓಣಿಯ ಕಾಗದಗಳೆಲ್ಲ ನನ್ನವು. ಸಂಬಳಕ್ಕಲ್ಲ, ಪ್ರೀತಿಗೆ—ಹಾಗೆಂದು ನಾನು ಹೇಳಿಕೊಳ್ಳುತ್ತಿದ್ದೆ. ಆ ವರ್ಷ ಓಣಿಯ ಹಿರಿಯ ಹೆಂಗಸೊಬ್ಬರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ವಿನಯಾನ ಕಾಗದ ನೋಡಿದಿಯಾ? ಎಂತ ಪೊರ್ಲು, ಎಂತ ಚಂದ ಮಾರಾಯ್ತಿ! ಶಿಷ್ಯೆ ನಿನ್ನನ್ನು ದಾಟಿ ಹೋದಳಲ್ಲ" ಎಂದರು. ನಾನೂ ನಕ್ಕೆ. "ಕಲಿಸಿದ್ದು ಯಾರು ಅಂತ ಕೇಳಿ" ಎಂದೆ. ಒಳಗೆ ಹೋಗಿ ಪಾತ್ರೆ ತೊಳೆದೆ. ಎಲ್ಲ ಸರಿಯಾಗಿಯೇ ಇತ್ತು—ಎಂದು ನೆನಪು.

ನೇಮ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಎಲ್ಲರಿಗಿಂತ ಮೊದಲು ತರಗತಿಗೆ ಬಂದಳು.

"ಸುಮಿತ್ರಕ್ಕಾ, ನಿಮಗೆ ಒಂದು ಗುಟ್ಟು ಹೇಳ್ಬೇಕು. ಆ ಕಾಗದ ನಾನು ಮನೆಯಲ್ಲೇ ಮಾಡಿದ್ದು! ಹಳೆಯ ಆವೃತ್ತಿ ಫ್ರೀ ಉಂಟು, ಗೊತ್ತುಂಟಾ? ಕಂಪನಿಯ ಪುಟದಲ್ಲಿ ಹೆಸರು ಹಾಕಿದೆ, ಅದನ್ನು ತೆರೆಯುವ ಒಂದು ನಂಬ್ರ ಕಳಿಸಿದ್ರು. ಹಳೆಯದೇ, ಆದರೆ ನಮಗೆ ಧಾರಾಳ ಸಾಕು ಅಲ್ವಾ ಅಕ್ಕ?"

ಅವಳು ನನಗೆ ಹೇಳಲು ಬಂದದ್ದು ಸಂತೋಷ ಹಂಚಿಕೊಳ್ಳಲು. ನಾನು ಖುಷಿಪಡುತ್ತೇನೆ ಎಂದು ನಂಬಿದ್ದಳು. ನಾನು ಕೂತಲ್ಲಿಂದ ಏಳದೆ ಹೇಳಿದೆ—

"ಅದು ಕಳ್ಳ ಕಾಪಿ ವಿನಯಾ. ಕಂಪನಿಯ ಹೆಸರಿನಲ್ಲಿ ಯಾರೋ ಇಟ್ಟದ್ದು. ಆ ನಂಬ್ರದಿಂದಲೇ ಹಾಕಿದವರನ್ನು ಹಿಡಿಯುವುದು. ಕೇಸ್ ಆಗ್ತದೆ."

ಈ ಮಾತು ಎಲ್ಲಿಂದ ಬಂತು? ಮೊದಲೇ ಯೋಚಿಸಿಟ್ಟದ್ದಲ್ಲ. ಆದರೆ ತಡವರಿಸಲೂ ಇಲ್ಲ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕೇಂದ್ರದ ಅರ್ಧ ಕಂಪ್ಯೂಟರುಗಳಲ್ಲಿ ಇದ್ದದ್ದು ಒಂದೇ ಸಿಡಿಯಿಂದ ಹಾಕಿದ ಕಳ್ಳ ಕಾಪಿ. ಅಂಥ ಒಂದರ ಎದುರು ಕೂತುಕೊಂಡೇ ನಾನು ಅವಳ ಪ್ರಾಮಾಣಿಕವಾದದ್ದನ್ನು ಕಳವಿನದು ಎಂದೆ.

ಅವಳು ಪೊಲೀಸರ ಬಗ್ಗೆ ಕೇಳಲಿಲ್ಲ. ಕೇಳಿದ್ದು ಬೇರೆ—"ಅಕ್ಕಾ, ಕಾಗದದ ಮೊದಲ ಪ್ರತಿ ದೈವದ ಮುಂದೆ ಇಟ್ಟಾಗಿದೆಯಲ್ಲ?"

ನಮ್ಮಲ್ಲಿ ನೇಮದ ಕಾಗದ ಅಚ್ಚಾಗಿ ಬಂದರೆ ಮೊದಲನೆಯದನ್ನು ದೈವದ ಮುಂದಿಟ್ಟು, ಕೈಮುಗಿದು, ಆಮೇಲೆಯೇ ಊರಿಗೆ ಹಂಚುವುದು. ಕದ್ದ ಸಾಮಾನಿನಿಂದ ಮಾಡಿದ್ದನ್ನು ಅಲ್ಲಿ ಇಟ್ಟೆನಲ್ಲ ಎಂಬುದು ಅವಳ ಭಯ. ಆಗ ಒಂದು ಮಾತು ಸಾಕಿತ್ತು. "ಸುಮ್ಮನೆ ಹೇಳಿದೆ ಮಾರಾಯ್ತಿ" ಎಂದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, "ಗೊತ್ತಿಲ್ಲದೆ ಮಾಡಿದ್ದಲ್ವಾ. ಒಂದು ತಪ್ಪುಕಾಣಿಕೆ ಹಾಕು. ದೈವ ಕ್ಷಮಿಸ್ತದೆ."

ಅವಳು ಹಾಕಿದಳು. ಅರಸಿನ ಬಟ್ಟೆಯಲ್ಲಿ ನಾಣ್ಯ ಕಟ್ಟಿ, ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಬಸ್ಸು ಹತ್ತಿ ಕುಟುಂಬದ ಮನೆಗೆ ಹೋಗಿ ದೈವದ ಮುಂದೆ ಇಟ್ಟು ಬಂದಳು. ಮನೆಯ ಕಂಪ್ಯೂಟರಿನಿಂದ ಆ ಹಳೆಯ ಆವೃತ್ತಿಯನ್ನು ಅಳಿಸಿದಳು, ಹಿಂಗಾರದ ಫೈಲನ್ನೂ. ಕೋರ್ಸು ಮುಗಿಯುವವರೆಗೆ ತರಗತಿಗೆ ಬಂದಳು, ಆದರೆ ಹೇಳಿದ್ದಷ್ಟನ್ನೇ ಮಾಡುತ್ತಿದ್ದಳು. ಮುಂದಿನ ಕೋರ್ಸಿಗೆ ಸೇರಲಿಲ್ಲ. "ಅದು ನನಗೆ ಆಗಿಬರುವುದಿಲ್ಲ ಅಕ್ಕ" ಎಂದಳು. ಆಮೇಲೆ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ರಿಪೋರ್ಟ್ ಕೊಡುವ ಕೌಂಟರಿಗೆ ಸೇರಿದಳು. ಈಗಲೂ ಅಲ್ಲೇ ಇದ್ದಾಳೆ.

ಯಾಕೆ ಹೇಳಿದೆ? ಸರ್ ಅನ್ನದ ಪ್ರಶ್ನೆ ತಂದಿಟ್ಟಿದ್ದರು—ಅದು ಒಂದು. ಗೇಟಿನ ಹತ್ತಿರದ ಆ ಮಾತು—ಅದು ಇನ್ನೊಂದು, ಬಹುಶಃ ದೊಡ್ಡದು. ಮೂರನೆಯದೂ ಇದೆ. ಮೇಲ್ ನಾನೇ ಓದಿದ್ದರೂ ಆ 'ಉಚಿತ'ದ ಮೇಲೆ ನನಗೆ ನಂಬಿಕೆ ಇರಲಿಲ್ಲ. ಇಷ್ಟು ಬೆಲೆಬಾಳುವ ವಸ್ತುವನ್ನು ಯಾರಾದರೂ ಸುಮ್ಮನೆ ಯಾಕೆ ಕೊಡುತ್ತಾರೆ, ಇದರಲ್ಲಿ ಏನೋ ಉಂಟು ಎಂಬ ಸಂಶಯ. ಹಾಗಾದರೆ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲವೇನೋ ಎಂದು ಕೆಲವು ಸಲ... ಇಲ್ಲ. ಸಂಶಯವಿದ್ದವಳು "ನನಗೆ ಸಂಶಯ" ಎನ್ನಬಹುದಿತ್ತು.

ಕೇಂದ್ರ ಕೆಲವೇ ವರ್ಷದಲ್ಲಿ ಮುಚ್ಚಿತು. ವಿದ್ಯಾರ್ಥಿಗಳೇ ಇಲ್ಲ. ನಾನು ಕದ್ರಿಯ ಒಂದು ಪ್ರಿಂಟಿಂಗ್ ಅಂಗಡಿಗೆ ಅರ್ಧ ದಿನದ ಕೆಲಸಕ್ಕೆ ಸೇರಿದೆ. ಈಚೆಗೆ ಅಲ್ಲಿಗೆ ಅದೇ ಸಾಫ್ಟ್‌ವೇರ್ ಕಂಪನಿಯ ಕಡೆಯಿಂದ ಒಬ್ಬ ಯುವಕ ಬಂದಿದ್ದ, ಹೊಸ ಆವೃತ್ತಿ ತೋರಿಸಲು. ಮಾತಿನ ನಡುವೆ ನಾನೇ ಕೇಳಿದೆ, ಅಂದು ಹಳೆಯದನ್ನು ಯಾಕೆ ಸುಮ್ಮನೆ ಕೊಟ್ಟಿರಿ ಎಂದು.

"ಸುಮ್ಮನೆ ಅಲ್ಲ ಮೇಡಂ" ಎಂದು ನಕ್ಕ. "ಹಳೆಯದನ್ನು ಹೇಗೂ ಯಾರೂ ಕೊಳ್ತಿರ್ಲಿಲ್ಲ. ನಮಗೆ ಎಂತ ನಷ್ಟ? ಮನೆಯಲ್ಲಿ ಕೂತು ಅದರಲ್ಲಿ ಕೈ ಪಳಗಿಸಿಕೊಂಡವರು ಉಂಟಲ್ಲ, ಅವರೇ ಈಗ ಸ್ಟುಡಿಯೋ ಇಟ್ಟಿದ್ದಾರೆ, ಪ್ರೆಸ್ ಇಟ್ಟಿದ್ದಾರೆ. ಪ್ರತಿ ವರ್ಷ ಹೊಸದು ತಗೊಳ್ತಾರೆ. ಬೇರೆ ಕಂಪನಿಯದರಲ್ಲಿ ಅವರಿಗೆ ಕೈ ಓಡುವುದೇ ಇಲ್ಲ. ಕ್ಲಾಸಿಗೂ ಅವರೇ ಬರುವುದು ಮೇಡಂ. ಸ್ವಲ್ಪ ರುಚಿ ಗೊತ್ತಾದವರಿಗೇ ಅಲ್ವಾ ಇನ್ನೂ ಕಲೀಬೇಕು ಅಂತ ಕಾಣುವುದು."

ನಾನು ಚಾ ತರುವ ನೆಪದಲ್ಲಿ ಎದ್ದೆ. ನಾವು ಕೇಂದ್ರವನ್ನು ಉಳಿಸಲು ಮುಚ್ಚಿಟ್ಟದ್ದು, ಕೇಂದ್ರಕ್ಕೆ ಜನ ತರಬಹುದಾಗಿದ್ದ ವಸ್ತುವನ್ನು. ಹಾಗೆಂದು ಅರ್ಥವಾಯಿತು. ಆದರೆ ಜೊತೆಗೇ ಇನ್ನೊಂದು ಯೋಚನೆ ಬಂತು. ಅದು ದಾನವಲ್ಲ, ಗಾಳ ಎಂದು ಅವನೇ ಹೇಳಿದ ಹಾಗಾಯಿತಲ್ಲ? ಹಾಗಾದರೆ ನಾನು ವಿನಯಾಳನ್ನು ಗಾಳದಿಂದ ತಪ್ಪಿಸಿದೆನೇ? ನಾಚಿಕೆಯಾಗುತ್ತದೆ ಬರೆಯಲು, ಅರ್ಧ ದಿನ ಆ ಯೋಚನೆ ನನಗೆ ಬಹಳ ಹಿತವಾಗಿತ್ತು.

ಆಮೇಲೆ ನಮ್ಮ ಮೀನಿನ ಕಲ್ಯಾಣಿಯಕ್ಕ ನೆನಪಾದರು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಮೀನು ಕೊಯ್ಯಲು ಬರುತ್ತಿರಲಿಲ್ಲ. ತವರಿನಲ್ಲಿ ಅಮ್ಮ ಮುಟ್ಟಲೇ ಬಿಡುತ್ತಿರಲಿಲ್ಲ. ಕಲ್ಯಾಣಿಯಕ್ಕ ಬುಟ್ಟಿಯ ತಳದಲ್ಲಿ ಉಳಿದ, ಹೊಟ್ಟೆ ಒಡೆದ ಬೂತಾಯಿ ಮೀನುಗಳನ್ನು ನನ್ನ ಮುಂದೆ ಹಾಕಿ, "ಇದರಲ್ಲಿ ಕಲಿ ಮಗಾ, ಹಾಳಾದರೆ ಬೆಕ್ಕಿಗೆ" ಎಂದು ಜಗಲಿಯಲ್ಲೇ ಕೂತು ತೋರಿಸಿಕೊಟ್ಟರು. ಆಮೇಲೆ ಅವರು ಬುಟ್ಟಿ ಹೊರುವುದನ್ನು ನಿಲ್ಲಿಸುವವರೆಗೆ ನಾನು ಬೇರೆಯವರಿಂದ ಮೀನು ಕೊಂಡವಳಲ್ಲ. ಅವರು ನನ್ನನ್ನು ಹಿಡಿದುಹಾಕಿದರೇ? ಹೌದು, ಹಿಡಿದುಹಾಕಿದರು. ನನಗೆ ಮೀನು ಕೊಯ್ಯಲು ಬಂತೇ? ಅದೂ ಬಂತು. ಅವರಿಗೆ ಗಿರಾಕಿ, ನನಗೆ ಕೈಕೆಲಸ. ಇದರಲ್ಲಿ ಯಾವುದು ದಾನ, ಯಾವುದು ವ್ಯಾಪಾರ ಎಂದು ಬೇರ್ಪಡಿಸಲು ಹೋದರೆ ನನ್ನ ತಲೆ ತಿರುಗುತ್ತದೆ. ಒಂದು ಮಾತ್ರ ಗೊತ್ತಾಗುತ್ತದೆ—ಅಂದು ಯಾರಾದರೂ ನನ್ನ ಕೈ ಹಿಡಿದು, "ಅದು ಕದ್ದ ಮೀನು" ಎಂದಿದ್ದರೆ ನಾನು ಕತ್ತಿ ಕೆಳಗಿಡುತ್ತಿದ್ದೆ.

ಇಷ್ಟು ಅರ್ಥವಾದ ಮೇಲೂ ನಾನು ಅವಳ ಹತ್ತಿರ ಹೋಗಲಿಲ್ಲ. ಹೋಗಬೇಕು ಎಂದುಕೊಂಡೆ, ಅಷ್ಟೇ. ಕಳೆದ ಆದಿತ್ಯವಾರ ಅವಳೇ ಬಂದಳು, ಮಗಳು ಅನ್ವಿತಾಳನ್ನು ಕರೆದುಕೊಂಡು. ಹುಡುಗಿ ಈಗ ಕಾಲೇಜಿಗೆ ಸೇರಿದ್ದಾಳೆ.

"ಸುಮಿತ್ರಕ್ಕಾ, ಇವಳಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ. ಆ ಹಳೆಯ ಡಿಸೈನಿನ ಸಾಫ್ಟ್‌ವೇರ್ ಮನೆಗೆ ಹಾಕ್ತಾಳಂತೆ. ಬೇಡ ಅಂದ್ರೆ ಕೇಳುವುದಿಲ್ಲ."

"ಅಮ್ಮ, ಅದು ಕಂಪನಿಯವರೇ ಕೊಡುವುದು. ಅವರದೇ ವೆಬ್‌ಸೈಟಲ್ಲಿ ಉಂಟು. ನೀನೇ ಬಂದು ನೋಡು ಬೇಕಾದರೆ."

"ನಾನೂ ಹಾಗೇ ನಂಬಿದವಳು. ಅಂದು ಸುಮಿತ್ರಕ್ಕ ಹೇಳದಿದ್ದರೆ ನಾನು ಈಗ ಜೈಲಲ್ಲಿ ಚಪಾತಿ ತಟ್ಟುತ್ತಾ ಇರ್ತಿದ್ದೆ" ಎಂದು ವಿನಯಾ ನಕ್ಕಳು. ನನ್ನ ಕಡೆ ತಿರುಗಿ, "ಅಲ್ವಾ ಅಕ್ಕ?"

ಅವಳು ನನಗೆ ಕೃತಜ್ಞಳು. ಇಷ್ಟು ವರ್ಷವೂ. ಹಬ್ಬಕ್ಕೆ ಪಾಯಸ ಕಳಿಸುವಾಗ, ನನಗೆ ಜ್ವರ ಬಂದಾಗ ಲ್ಯಾಬಿನಿಂದ ರಿಪೋರ್ಟ್ ತಾನೇ ತಂದುಕೊಡುವಾಗ—ಆ ಕೃತಜ್ಞತೆ ಅದರಲ್ಲೆಲ್ಲ ಇತ್ತು. ನಾನು ಪಾಯಸ ತಿಂದು ಪಾತ್ರೆ ತೊಳೆದು ಹಿಂದೆ ಕೊಟ್ಟಿದ್ದೇನೆ.

ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳಿದೆ, "ಅಮ್ಮ ಹೇಳಿದ್ದು ಕೇಳು ಮಗಾ. ಜಾಗ್ರತೆ ಒಳ್ಳೆಯದು."

ಎರಡನೆಯ ಸಲ. ಈ ಸಲ ಸರ್ ಇಲ್ಲ, ಗೇಟಿನ ಹತ್ತಿರದ ಮಾತಿಲ್ಲ, ಸಂಶಯವೂ ಇಲ್ಲ. ಮೊದಲಿನದನ್ನು ಮುಚ್ಚಲು ಹೇಳಿದ್ದು, ಅಷ್ಟೇ. ಮೊದಲನೆಯದಕ್ಕೆ ಒಬ್ಬಳು ಸಾಕಾಗಲಿಲ್ಲ, ಈಗ ಅವಳ ಮಗಳು ಬೇಕಾಯಿತು.

ಇವರಿಗೆ—ನನ್ನ ಗಂಡ ಭಾಸ್ಕರರಿಗೆ—ಎಲ್ಲ ಹೇಳಿದೆ. ಅವರು ಪೇಪರ್ ಮಡಚಿದರು. "ಒಂದು ತಪ್ಪುಕಾಣಿಕೆ ಹಾಕಿಬಿಡು. ಸುಮ್ಮನೆ ಮಂಡೆಬಿಸಿ ಮಾಡ್ಬೇಡ" ಎಂದರು. ನಾನು ಅವಳಿಗೆ ಹೇಳಿದ್ದ ಮಾತೇ. "ನಾನು ತಪ್ಪು ಮಾಡಿದ್ದು ದೈವಕ್ಕಾ?" ಎಂದು ಕೇಳಿದೆ. "ಅದೂ ಹೌದು" ಎಂದು ಮತ್ತೆ ಪೇಪರ್ ಬಿಡಿಸಿದರು.

ಇವತ್ತು ಹೋದಾಗ ವಿನಯಾ ಲ್ಯಾಬಿನಿಂದ ಬಂದು ಜಗಲಿಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದಳು. ಬೆಲ್ಲ ನೀರು ತಂದಿಟ್ಟಳು. ಕುಡಿದರೆ ಹೇಳಲಾಗುವುದಿಲ್ಲ ಎಂದು ಕುಡಿಯುವ ಮೊದಲೇ ಹೇಳಿದೆ. ಆ ಮೇಲ್ ನಾನು ಓದಿದ್ದೆ ಎಂದೂ, ಗೊತ್ತಿದ್ದೇ ಹೇಳಿದ್ದೆ ಎಂದೂ, ಕಳೆದ ಆದಿತ್ಯವಾರವೂ ಗೊತ್ತಿದ್ದೇ ಎಂದೂ, ಕಂಪನಿ ಅದನ್ನು ಯಾಕೆ ಉಚಿತವಾಗಿ ಕೊಟ್ಟಿತೆಂದು ಆ ಯುವಕ ಹೇಳಿದ್ದನ್ನೂ.

ಅವಳು ಬಸಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ದಂಟು ಒಂದು ಕಡೆ, ಎಲೆ ಒಂದು ಕಡೆ. ಹಾಗೇ ಕೇಳಿದಳು.

"ನಾನು ತಪ್ಪುಕಾಣಿಕೆ ಹಾಕಿದ್ದು ಎಂತಕ್ಕೆ ಹಾಗಾದರೆ?"

ನಾನು ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದೆ.

"ನಿಮಗೆ ನಾನು ಎಷ್ಟು ಸಲ ಥ್ಯಾಂಕ್ಸ್ ಹೇಳಿದ್ದೇನೆ ಅಕ್ಕ. ಒಂದು ಸಲವೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲವಾ ನಿಮಗೆ?"

ಸಿಕ್ಕಿಕೊಂಡಿತ್ತು ಎಂದರೆ, ಸಿಕ್ಕಿಕೊಂಡರೂ ನುಂಗಿದವಳು ಎಂದಾಗುತ್ತದೆ.

"ಅನ್ವಿತಾ, ಹೊರಗೆ ಬಾ" ಎಂದು ಕರೆದಳು. ನನ್ನ ಕಡೆ ನೋಡದೆ ಹೇಳಿದಳು, "ಅವಳಿಗೆ ನೀವೇ ಹೇಳಿ, ನನ್ನ ಎದುರಲ್ಲೇ. ನಾನು ಹೇಳಿದರೆ ಅಮ್ಮ ಪೆದ್ದಿ ಅಂತಾಗ್ತದೆ. ನೀವು ಹೇಳಿದರೆ ನೀವು ಸುಳ್ಳು ಹೇಳಿದವರು ಅಂತಾಗ್ತದೆ. ಅದೇ ಆಗ್ಲಿ."

ಮಗಳ ಪ್ರಾಯದ ಹುಡುಗಿಯ ಮುಂದೆ ಇನ್ನೊಮ್ಮೆ ಹೇಳಿದೆ. ಅದು ಕಳ್ಳ ಕಾಪಿ ಅಲ್ಲ. ನಿನ್ನ ಅಮ್ಮ ಕದ್ದಿರಲಿಲ್ಲ. ನಾನು ಅವಳಿಗೂ ನಿನಗೂ ಸುಳ್ಳು ಹೇಳಿದೆ.

"ನನಗೆ ಗೊತ್ತಿತ್ತು ಆಂಟಿ" ಎಂದಳು ಹುಡುಗಿ. ಆಮೇಲೆ ಅಮ್ಮನ ಕಡೆ ನೋಡಿ, ನೆಲ ನೋಡಿ, "ನಾನು ಅದರಲ್ಲೇ ಕಲಿಯುತ್ತಾ ಇದ್ದೇನೆ. ಫ್ರೆಂಡಿನ ಮನೆಯಲ್ಲಿ. ಸುಮಾರು ಸಮಯ ಆಯ್ತು" ಎಂದಳು.

"ನನ್ನ ಹತ್ತಿರ ಸ್ಪೆಷಲ್ ಕ್ಲಾಸ್ ಅಂತ ಹೇಳಿದ್ದು?"

"ನಿಜ ಹೇಳಿದರೆ ನೀನು ಬಿಡ್ತಿದ್ದೆಯಾ?"

ಇದನ್ನು ನಾನು ಎಣಿಸಿರಲಿಲ್ಲ. ನಾನು ಹೇಳಿದ ಸುಳ್ಳು ಆ ಮನೆಯೊಳಗೆ ಇನ್ನೊಂದು ಸುಳ್ಳನ್ನು ಸಾಕಿತ್ತು. ಕದಿಯದ ಹುಡುಗಿ ಕದ್ದವಳ ಹಾಗೆ ಮನೆಗೆ ಬರುತ್ತಿದ್ದಳು. ನಿಜ ಹೇಳಿದರೆ ಒಂದು ಗಂಟು ಬಿಚ್ಚುತ್ತದೆ ಎಂದುಕೊಂಡು ಹೋದವಳು ನಾನು. ಅಮ್ಮ ಮಗಳ ನಡುವೆ ಇನ್ನೊಂದು ಗಂಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ತೋರಿಸಿದ ಹಾಗಾಯಿತು. ಹೇಳಬಾರದಿತ್ತೇ? ಹೇಳಬೇಕಿತ್ತು. ಆದರೆ—

ವಿನಯಾ ಕೈ ಒರೆಸಿಕೊಂಡಳು. "ಎಂತ ಮಾಡಿದ್ದೀ, ತೋರಿಸು" ಎಂದಳು. ಹುಡುಗಿ ಮೊಬೈಲ್ ಕೊಟ್ಟಳು. ಯಾವುದೋ ಗೆಳತಿಯ ಅಕ್ಕನ ಬೇಕರಿಯ ಪೊಟ್ಟಣಕ್ಕೆಂದು ಮಾಡಿದ ಚೀಟಿ. ವಿನಯಾ ಎರಡು ಬೆರಳಿನಲ್ಲಿ ಅದನ್ನು ದೊಡ್ಡದು ಮಾಡಿ, ಸರಿಸಿ, ಮತ್ತೆ ಸಣ್ಣದು ಮಾಡಿ ನೋಡಿದಳು. ಅವಳ ಹುಬ್ಬು ಗಂಟಿಕ್ಕಿದ್ದು ಸಿಟ್ಟಿಗಲ್ಲ ಎಂದು ನನಗೆ ಗೊತ್ತಾಯಿತು. "ಈ ಹೆಸರನ್ನು ಸ್ವಲ್ಪ ಎಡಕ್ಕೆ ತಾ" ಎಂದಳು. ಅಷ್ಟೇ ಹೇಳಿದ್ದು. ಮಗಳು ಬಗ್ಗಿ ನೋಡಿದಳು.

ನನಗೆ ಅಲ್ಲಿ ಇರಬಾರದು ಎನ್ನಿಸಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ವಿನಯಾ, ನೀನು ಮತ್ತೆ ಶುರು ಮಾಡುವುದಾದರೆ ನಾನು ಬಂದು ಕಲಿಸ್ತೇನೆ. ಎಂತದೂ ಕೊಡುವುದು ಬೇಡ."

ಅವಳು ಗೇಟಿನವರೆಗೆ ಬಂದಳು. ನಮ್ಮ ಕಡೆಯ ಮರ್ಯಾದೆ ಅದು, ಸಿಟ್ಟಿದ್ದರೂ ಗೇಟಿನವರೆಗೆ ಬರುತ್ತಾರೆ.

"ಕಂಪನಿಯವರ ಫ್ರೀ ಎಂತಕ್ಕೆ ಅಂತ ನನಗೆ ಈಗ ಗೊತ್ತಾಯ್ತು. ನಾಳೆ ನಾವು ಕೊಳ್ಬೇಕು ಅಂತ. ಅದು ತೊಂದರೆ ಇಲ್ಲ" ಎಂದಳು. "ನಿಮ್ಮ ಫ್ರೀ ನನಗೆ ಬೇಡ ಅಕ್ಕ. ಈಗ ಹೋಗಿ."

ಆ ಮಾತಿಗೆ ನಾನು ಏನನ್ನೂ ಸೇರಿಸಲಾರೆ. ಅವಳ ಇಷ್ಟು ವರ್ಷಗಳನ್ನು ನಾನು ಹಿಂದೆ ಕೊಡಲಾರೆ. ಆ ಹಿಂಗಾರದ ಗೊನೆಯ ನಂತರ ಅವಳು ಏನೇನು ಬರೆಯುತ್ತಿದ್ದಳೋ ಯಾರಿಗೂ ಗೊತ್ತಿಲ್ಲ.

ಇನ್ನೊಂದು ಭಯ ಉಂಟು, ಅದಕ್ಕಾಗಿಯೇ ಇದನ್ನು ಅಚ್ಚಿಗೆ ಕೊಡುತ್ತಿರುವುದು. ಆ ತರಗತಿಯಲ್ಲಿ ನನ್ನ ಎದುರು ಕೂತವರಲ್ಲಿ ಇನ್ನಾರಿಗಾದರೂ ನಾನು ಹಾಗೆ ಹೇಳಿದ್ದೇನೆಯೇ? ಹೇಳಿಲ್ಲ ಎಂದು ನೆನಪು ಹೇಳುತ್ತದೆ, ಆದರೆ ನನ್ನ ನೆನಪು ನನ್ನ ಪಕ್ಷದ್ದು. ಹೇಳಿದ್ದರೆ, ನೀವು ಇದನ್ನು ಓದುತ್ತಿದ್ದರೆ—ಅದು ಕಳವಲ್ಲ. ಕಂಪನಿ ತನ್ನ ಲಾಭಕ್ಕೆ ಕೊಟ್ಟದ್ದು, ಸರಿಯಾಗಿಯೇ ಕೊಟ್ಟದ್ದು. ನೀವು ತೆಗೆದುಕೊಳ್ಳಬಹುದಿತ್ತು. ಈಗಲೂ ತೆಗೆದುಕೊಳ್ಳಬಹುದು. ಕೈಯನ್ನು ನಿಲ್ಲಿಸಿದ್ದು ನಾನು.

ನಾಳೆ ವಿನಯಾ ಓಣಿಯಲ್ಲಿ ಸಿಕ್ಕಿದರೆ ಮುಖ ತಿರುಗಿಸಬಹುದು. ತಿರುಗಿಸಲಿ. ನಾನು ಬೇರೆ ಓಣಿಯಿಂದ ಹೋಗುವುದಿಲ್ಲ.

ರಾತ್ರಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಇವರು ಎರಡನೆಯ ಸಲವೂ ಹಾಕಿಸಿಕೊಂಡರು. ನನಗೆ ಅರ್ಧ ಬಟ್ಟಲು ಹೆಚ್ಚಾಯಿತು. "ಎಂತ ಹೇಳಿದಳು?" ಎಂದು ಕೇಳಿದರು. "ಹೋಗಿ ಅಂತ ಹೇಳಿದಳು" ಎಂದೆ. ಅವರು ಹಪ್ಪಳದ ಒಂದು ಚೂರನ್ನು ನನ್ನ ಬಟ್ಟಲಿನ ಅಂಚಿನಲ್ಲಿಟ್ಟು ಎದ್ದು ಕೈತೊಳೆದರು. ಮೊದಲು ಮಲಗಿದ್ದು ಅವರು.